ಐದು ರೂಪಾಯಿ ನಾಣ್ಯದಷ್ಟಿದ್ದ ಆಮೆ ಮರಿ

ಮಗಳ ಹಟಕ್ಕೆ ಸೋತು ತಂದ ಮರಿ ಅದು. ಕಣ್ಣಿನ ಹಿಂದೆ ಕೆಂಪು ಪಟ್ಟೆ, ಚಿಪ್ಪು 4 ಸೆಂ.ಮೀ. ಕೂಡ ಇರಲಿಲ್ಲ. ಅಂಗಡಿಯವರು ಪ್ಲಾಸ್ಟಿಕ್ ತೆಂಗಿನಮರ ಅಂಟಿಸಿದ ಪುಟ್ಟ ಡಬ್ಬಿ, ಒಂದು ಪೊಟ್ಟಣ ಒಣ ಸೀಗಡಿ ಕೊಟ್ಟು, "ದಿನಾ ನಾಲ್ಕು ಹಾಕಿ ಸಾಕು, ಇದು ಇಷ್ಟೇ ಇರುತ್ತೆ" ಅಂದರು. ಎರಡೂ ಸುಳ್ಳು.

ಗುಂಡ ಅಂತ ಹೆಸರಿಟ್ಟೆವು. ನಮ್ಮತ್ತೆ ಕೂರ್ಮಾವತಾರ ಅಂತ ದಿನಾ ಕೈ ಮುಗಿಯುತ್ತಿದ್ದರು. ಡಿಸೆಂಬರ್ ಬಂತು ನೋಡಿ, ಮೈಸೂರಿನ ಚಳಿಗೆ ಗುಂಡ ತಿನ್ನೋದನ್ನೇ ಬಿಟ್ಟ. ಕಣ್ಣು ಊದಿ ಮುಚ್ಚಿಹೋಯಿತು. ಹಸಿವಾಗಿರಬೇಕು ಅಂತ ನಾನು ಇನ್ನಷ್ಟು ಸೀಗಡಿ ಸುರಿದೆ. ನೀರು ಕೊಳೆತು ನಾರಿತು, ಅಷ್ಟೇ.

ಪ್ರಾಣಿ ಡಾಕ್ಟರು ಮೊದಲು ಕೇಳಿದ್ದು ಊಟದ ವಿಷಯವಲ್ಲ, "ನೀರು ಎಷ್ಟು ಬೆಚ್ಚಗಿದೆ?" ಅಂತ. ಆಮೆಯ ಮೈಶಾಖ ಸುತ್ತಲಿನ ನೀರನ್ನೇ ನಂಬಿಕೊಂಡಿರುತ್ತೆ. ನೀರು ತಣ್ಣಗಾದರೆ ತಿಂದದ್ದು ಜೀರ್ಣವಾಗಲ್ಲ. ಬರೀ ಒಣ ಸೀಗಡಿ ತಿಂದರೆ ವಿಟಮಿನ್ ಎ ಕಡಿಮೆಯಾಗಿ ಕಣ್ಣು ಊದುತ್ತದಂತೆ. ಹಾಗಂತ ವಿಟಮಿನ್ ನಾವೇ ತಂದು ಹಾಕಬಾರದು, ಜಾಸ್ತಿಯಾದರೆ ಚರ್ಮ ಸುಲಿಯುತ್ತೆ.

ಅಟ್ಟದ ಮೇಲಿದ್ದ 2 ಅಡಿಯ ಹಳೇ ಮೀನಿನ ತೊಟ್ಟಿ ಇಳಿಸಿದೆ. ಹೀಟರ್ ಹಾಕಿ ನೀರನ್ನು 27 ಡಿಗ್ರಿಗೆ ನಿಲ್ಲಿಸಿದೆ. ಗುಂಡ ಮೇಲೆ ಹತ್ತಿ ಮೈ ಒಣಗಿಸಿಕೊಳ್ಳಲು ಒಂದು ಇಟ್ಟಿಗೆ, ಅದರ ಮೇಲೆ ಬಿಸಿಗೆ ಒಂದು ಬಲ್ಬು, ಪಕ್ಕದಲ್ಲಿ ಬಿಸಿಲಿನಲ್ಲಿರುವಂಥ ನೇರಳಾತೀತ ಕಿರಣ ಕೊಡುವ ಯುವಿಬಿ ದೀಪ. ಮೊದಲು ನಾನು ಕಿಟಕಿ ಬಿಸಿಲು ಸಾಕು ಅಂದುಕೊಂಡಿದ್ದೆ. ಚಿಪ್ಪು ಗಟ್ಟಿಯಾಗಲು ಬೇಕಾದ ಕಿರಣ ಗಾಜು ದಾಟಿ ಬರೋದೇ ಇಲ್ಲ! ಅದಕ್ಕೇ ಬೆಳಿಗ್ಗೆ ತಾರಸಿಯ ಮೇಲೆ ಅರ್ಧ ನೆರಳಿರುವ ಟಬ್‌ನಲ್ಲಿ 15 ನಿಮಿಷ ಬಿಡುತ್ತಿದ್ದೆ. ಕಾಗೆ ಕಾಯೋದು ಅತ್ತೆಯ ಕೆಲಸ.

ಎರಡು ವಾರವಾದ ಮೇಲೆ ಎಡಗಣ್ಣು ತೆರೆಯಿತು. ಎರೆಹುಳದ ತುಂಡನ್ನು ಚಿಮಟದಲ್ಲಿ ಹಿಡಿದು ನೀರೊಳಗೆ ಅಲ್ಲಾಡಿಸಿದೆ. ಕತ್ತು ಚಾಚಿತು. ಸುಮ್ನೆ ನೋಡಿತು. ಆಮೇಲೆ ಗಬಕ್ಕನೆ ಕಚ್ಚಿ, ಮುಂಗಾಲಿನ ಉಗುರಿನಿಂದ ಹರಿದು ನುಂಗಿತು.

ಈಗ ಪೆಲೆಟ್ (ಆಮೆಗಳ ಕಾಳಿನಂಥ ಒಣ ಆಹಾರ), ಆಗಾಗ ಸಣ್ಣ ಮೀನು, ಕ್ಯಾರೆಟ್ ತುರಿ ಕೊಡುತ್ತೇನೆ. ಒಂದು ಸಲಕ್ಕೆ ಅದರ ತಲೆಯಷ್ಟು. ನೀರಲ್ಲಿದ್ದರೆ ಮಾತ್ರ ನುಂಗುತ್ತೆ, ಅದಕ್ಕೆ ಊಟಕ್ಕೇ ಬೇರೆ ಬೇಸಿನ್ನು. ತೊಟ್ಟಿ ಗಬ್ಬಾಗೋದು ಎಷ್ಟೋ ಕಡಿಮೆಯಾಗಿದೆ. ನಲ್ಲಿ ನೀರನ್ನು ಒಂದು ದಿನ ಬಕೆಟ್‌ನಲ್ಲಿಟ್ಟು ಆಮೇಲೆ ಹಾಕುತ್ತೇನೆ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಲೇಬೇಕು, ಆಮೆ ಮೈಯಲ್ಲಿ ಸಾಲ್ಮೊನೆಲ್ಲಾ ಅನ್ನೋ ರೋಗಾಣು ಇರಬಹುದು.

ಎರಡು ವರ್ಷಕ್ಕೆ 11 ಸೆಂ.ಮೀ. ಆಗಿದೆ. ಹೆಣ್ಣಾದರೆ ಒಂದು ಅಡಿಯವರೆಗೂ ಬೆಳೆಯಬಹುದಂತೆ. ದೊಡ್ಡದಾದರೆ ಕುಕ್ಕರಹಳ್ಳಿ ಕೆರೆಗೆ ಬಿಡಿ ಅಂತಾರೆ ನೆಂಟರು. ಇದು ಅಮೆರಿಕದ ಜಾತಿ, ಕೆರೆಗೆ ಬಿಟ್ಟರೆ ನಮ್ಮ ಆಮೆಗಳ ಊಟ, ಜಾಗ ಎರಡನ್ನೂ ಕಿತ್ತುಕೊಳ್ಳುತ್ತೆ. ಅದಕ್ಕೇ ಸಿಂಟೆಕ್ಸ್ ಟ್ಯಾಂಕು ಅರ್ಧಕ್ಕೆ ಕತ್ತರಿಸಿ ಕೊಡುವವರನ್ನು ಹುಡುಕುತ್ತಿದ್ದೇನೆ.