ಅಂಕ ಸಮ ಇದ್ದಾಗ ನೋಡುವುದೇನು? ಶಿಫಾರಸು ಪತ್ರ ಬರೆದ ಅನುಭವ

ಶಿಡ್ಲಘಟ್ಟದಲ್ಲಿ ಪಿಯು ಮಕ್ಕಳಿಗೆ ಪಾಠ ಮಾಡುವ ನನಗೆ ನಮ್ಮ ಸೀಟಿನ ಲೆಕ್ಕ ಬಾಯಿಪಾಠ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕ ಅರ್ಧ, ಸಿಇಟಿ ಅರ್ಧ. ನೀಟ್‌ನಲ್ಲಿ ಇಬ್ಬರದೂ ಒಂದೇ ಅಂಕವಾದರೆ ಮೊದಲು ಜೀವಶಾಸ್ತ್ರದ ಅಂಕ ನೋಡುತ್ತಾರೆ. ವಿದ್ಯಾರ್ಥಿನಿಯೊಬ್ಬಳು ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುತ್ತೇನೆಂದಾಗ ಇದ್ಯಾವುದೂ ಕೆಲಸಕ್ಕೆ ಬರಲಿಲ್ಲ.

ಅಲ್ಲಿನ ಬೇಡಿಕೆಯ ಕಾಲೇಜುಗಳಿಗೆ ಒಳ್ಳೆ ಅಂಕದವರೇ ಸೀಟಿನ ಹಲವು ಪಟ್ಟು ಬರುತ್ತಾರೆ. ಆಗ ಅರ್ಜಿ ಓದುವವರು ನೋಡುವುದು, ಈ ಹುಡುಗಿಗೆ ಏನು ಅನುಕೂಲ ಇತ್ತು, ಅಷ್ಟರಲ್ಲೇ ಏನು ಮಾಡಿದಳು ಅಂತ. ಅನುಕೂಲದ ಮಾತು ಹೇಳಬೇಕಾದ್ದು ಅವಳು ಓದುತ್ತಿರುವ ನಮ್ಮ ಕಾಲೇಜು. ಅರ್ಜಿಯ ಜೊತೆ ಹೋಗುವ ಸ್ಕೂಲ್ ಪ್ರೊಫೈಲ್‌ನಲ್ಲಿ ನಮ್ಮಲ್ಲಿರುವ ಕಾಂಬಿನೇಷನ್‌ಗಳ ಜೊತೆಗೆ, ಡಿಬೇಟ್ ಕ್ಲಬ್ಬು, ರೋಬೋಟಿಕ್ಸ್ ಇಲ್ಲವೆಂದೂ ಬರೆದೆ. ಬರೆಯದಿದ್ದರೆ, ಇದ್ದೂ ಇವಳು ಸೇರಲಿಲ್ಲ ಅಂದುಕೊಳ್ಳುತ್ತಾರೆ.

ಅಲ್ಲಿನ ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಆನ್‌ಲೈನ್ ವ್ಯವಸ್ಥೆಯಾದ ಕಾಮನ್ ಆ್ಯಪ್‌ನಲ್ಲಿ 10 ಚಟುವಟಿಕೆ ಬರೆಯಬಹುದು, ಒಂದೊಂದರ ವಿವರಕ್ಕೆ 150 ಅಕ್ಷರ. ಅವಳು ಬರೆದು ತಂದದ್ದು ಪ್ರಬಂಧ ಸ್ಪರ್ಧೆ, ರಂಗೋಲಿ ಬಹುಮಾನ. ಮನೆಯಲ್ಲೇನು ಮಾಡ್ತೀಯ ಅಂತ ಕೇಳಿದೆ. "ಅದನ್ನೆಲ್ಲಾ ಬರೀಬೋದಾ ಮೇಡಂ?" ಅಂದಳು. ಧಾರಾಳವಾಗಿ ಬರೆಯಬಹುದು, ಮನೆಯ ಜವಾಬ್ದಾರಿ ಅಂತಲೇ ಅಲ್ಲೊಂದು ವಿಭಾಗವಿದೆ.

ಅವಳಪ್ಪ ರೀಲರ್, ಅಂದರೆ ಗೂಡು ಬಿಚ್ಚಿ ರೇಷ್ಮೆ ನೂಲು ತೆಗೆಯುವವರು. ಮಾರುಕಟ್ಟೆಯಿಂದ ತಂದ ಪ್ರತಿ ಲಾಟಿನ ಗೂಡಿನ ತೂಕ, ಬಿಚ್ಚಿದ ರೇಷ್ಮೆಯ ತೂಕ ಬರೆದಿಟ್ಟು ರೆಂಡಿಟ್ಟಾ ಹಾಕುವವಳು ಇವಳೇ. ಒಂದು ಕೆಜಿ ರೇಷ್ಮೆಗೆ ಎಷ್ಟು ಕೆಜಿ ಗೂಡು ಹಿಡಿಯಿತು ಎಂಬ ಲೆಕ್ಕ ಅದು. ಮಳೆಗಾಲದ ಲಾಟುಗಳಲ್ಲಿ ರೆಂಡಿಟ್ಟಾ ಏರುವುದನ್ನು ನೋಟ್‌ಬುಕ್ಕಿನಲ್ಲಿ ಕೆಂಪು ಪೆನ್ನಿನಿಂದ ಗುರುತು ಮಾಡಿದ್ದಳು. ಹರಾಜಿನಲ್ಲಿ ಎಷ್ಟರವರೆಗೆ ಹೋಗಬಹುದೆಂದು ಅಪ್ಪನಿಗೆ ಹೇಳುತ್ತಿದ್ದಳು. ಸಂಖ್ಯಾಶಾಸ್ತ್ರ ಓದಬೇಕೆನ್ನುವ ಹುಡುಗಿ! ನನ್ನ ಪತ್ರದಲ್ಲಿ 'ಶಿಸ್ತಿನ ವಿದ್ಯಾರ್ಥಿನಿ' ಎಂಬಂಥ ಮಾತೆಲ್ಲ ಬಿಟ್ಟು ಆ ನೋಟ್‌ಬುಕ್ಕಿನ ವಿಷಯವೇ ಬರೆದೆ. ಅಂಥ ಹೊಗಳಿಕೆ ಎಲ್ಲರ ಪತ್ರದಲ್ಲೂ ಇರುತ್ತದೆ, ರೆಂಡಿಟ್ಟಾ ಇರುವುದಿಲ್ಲ.

ದುಡ್ಡಿನ ವಿಷಯವನ್ನು ಮನೆಯವರಿಗೆ ಮೊದಲೇ ಬಿಡಿಸಿ ಹೇಳಬೇಕು. ಹೊರದೇಶದ ಮಕ್ಕಳು ಆರ್ಥಿಕ ನೆರವು ಕೇಳಿದರೆ ಬಹಳಷ್ಟು ಕಾಲೇಜುಗಳು ಆಯ್ಕೆ ಮಾಡುವಾಗ ಅದನ್ನೂ ನೋಡುತ್ತವೆ. ಸಮಸಮ ಇರುವ ಇಬ್ಬರಲ್ಲಿ ನೆರವು ಬೇಡದವರಿಗೆ ಸೀಟು ಹೋಗಬಹುದು. ಹಾರ್ವರ್ಡ್, ಯೇಲ್, ಎಂಐಟಿಯಂಥ ಕೆಲವು ಮಾತ್ರ ಹಾಗೆ ನೋಡುವುದಿಲ್ಲ, ಆದರೆ ಅಲ್ಲಿ ಪೈಪೋಟಿ ವಿಪರೀತ. ಹಾಗಾಗಿ ಎರಡೂ ಬಗೆಯ ಕಾಲೇಜು ಸೇರಿಸಿ ಪಟ್ಟಿ ಮಾಡಿದೆವು, ಸಿಇಟಿಯನ್ನೂ ಬರೆಸಿದೆ.

ಒಂದು ಕಾಲೇಜು ಪೂರ್ತಿ ನೆರವು ಕೊಟ್ಟು ಸೇರಿಸಿಕೊಂಡಿತು. ಈಗ ಮೊದಲ ಪಿಯುಗೆ ಬರುವ ಮಕ್ಕಳನ್ನು ಮನೆಯಲ್ಲಿ ಏನೇನು ಕೆಲಸ ಮಾಡುತ್ತಾರೆಂದು ಕೇಳಿ, ಒಂದು ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದೇನೆ.