ಕುದುರೆ ‘ನಗುವ’ ಮೊದಲೇ ಕ್ಯಾಮೆರಾ ಎತ್ತಿ

ಲಾಯದಲ್ಲಿ ತಮಾಷೆಯ ಫೋಟೊ ಬೇಕೆಂದರೆ ಕುದುರೆ ಏನು ಮಾಡಲಿದೆ ಎಂಬುದು ಕೆಲವು ಸೆಕೆಂಡ್ ಮೊದಲೇ ತಿಳಿಯಬೇಕು. ಅದು ನಕ್ಕಿದ್ದನ್ನು ಕಂಡು ಕ್ಯಾಮೆರಾ ಎತ್ತಿದರೆ ಸಿಗುವುದು ಮುಚ್ಚಿದ ಬಾಯಿ ಮಾತ್ರ.

ಆ ‘ನಗು’ವಿಗೆ ಫ್ಲೆಹ್ಮನ್ ಎನ್ನುತ್ತಾರೆ. ಬೇರೆ ಕುದುರೆಯ ಗಂಜಲವನ್ನೋ ಲದ್ದಿಯನ್ನೋ ಮೂಸಿದ ಮೇಲೆ ಕತ್ತು ಮೇಲಕ್ಕೆ ಚಾಚಿ, ಮೇಲ್ದುಟಿ ಮಡಚಿ, ವಾಸನೆಯನ್ನು ಒಳಗೆಳೆದು ಪರೀಕ್ಷಿಸುತ್ತದೆ. ಹಾಗಾಗಿ ನೆಲವನ್ನು ಒಂದೇ ಕಡೆ ಬಿಡದೆ ಮೂಸುತ್ತಿರುವ ಕುದುರೆಯ ಮೇಲೆ ಫೋಕಸ್ ಇಟ್ಟು ಕಾಯುತ್ತೇನೆ. ತಲೆ ಮೇಲೇಳುವ ಜಾಗ ಬಿಟ್ಟೇ ಫ್ರೇಮ್ ಮಾಡಬೇಕು, ಇಲ್ಲದಿದ್ದರೆ ಹಲ್ಲು ಬರುತ್ತದೆ, ಕಿವಿ ಕತ್ತರಿಸಿಹೋಗುತ್ತದೆ. ಆಕಳಿಕೆ ಇನ್ನೂ ಸುಲಭ: ಸಾಮಾನ್ಯವಾಗಿ ಒಂದರ ಹಿಂದೆ ಒಂದು ಬರುತ್ತದೆ, ಮೊದಲನೆಯದು ತಪ್ಪಿದರೂ ಎರಡನೆಯದು ಸಿಗುತ್ತದೆ. ಬಿಡದೆ ಆಕಳಿಸುತ್ತಲೇ ಇದ್ದರೆ ಕುದುರೆ ನೋಡಿಕೊಳ್ಳುವ ಸೈಸ್‌ಗೆ ಹೇಳಿ, ಹೊಟ್ಟೆನೋವೂ ಇರಬಹುದು.

ನಾನು ಬಳಸುವುದು ದೂರದ್ದನ್ನು ಹತ್ತಿರ ತೋರಿಸುವ 70-200 ಎಂಎಂ ಜೂಮ್ ಲೆನ್ಸ್, ಮೂರು-ನಾಲ್ಕು ಮೀಟರ್ ದೂರದಿಂದ. ಅಗಲ ನೋಟದ 24 ಎಂಎಂ ಲೆನ್ಸ್‌ನಲ್ಲಿ ಹತ್ತಿರ ಹೋದರೆ ಮೂತಿ ಕುಂಬಳಕಾಯಿಯಷ್ಟಾಗುತ್ತದೆ. ಕೆಲವೊಮ್ಮೆ ಬೇಕೆಂದೇ ಹಾಗೆ ತೆಗೆಯುತ್ತೇನೆ, ಮಾಲೀಕರಿಗೆ ಮಾತ್ರ ಅದು ಹಿಡಿಸುವುದಿಲ್ಲ. ಫ್ಲ್ಯಾಶ್ ಬೇಡವೇ ಬೇಡ, ಬೆದರುತ್ತವೆ. ಅರ್ಧ ಬಾಗಿಲಿನ ಮೇಲೆ ಕುದುರೆ ತಲೆ ಹೊರಹಾಕಿದಾಗ ಬೀಳುವ ಬೆಳಗಿನ ನೆರಳು-ಬೆಳಕೇ ಸಾಕು. ಒಳಗಿನ ಟ್ಯೂಬ್‌ಲೈಟ್ ಆರಿಸಲು ಹೇಳಿ. ನಮ್ಮ ಕರೆಂಟಿನಲ್ಲಿ ಅದು ಸೆಕೆಂಡಿಗೆ 100 ಸಲ ಮಿನುಗುತ್ತದೆ, 1/1000 ಸೆಕೆಂಡಿನ ಶಟರ್‌ನಲ್ಲಿ ಒಂದು ಫೋಟೊ ಹಳದಿ, ಮುಂದಿನದರಲ್ಲಿ ಅಡ್ಡ ಪಟ್ಟೆ. ಫ್ರೇಮ್ ತುಂಬ ಕಪ್ಪು ಕುದುರೆಯಿದ್ದರೆ ಎಕ್ಸ್‌ಪೋಷರ್ (ಫೋಟೊದ ಬೆಳಕಿನ ಹೊಂದಾಣಿಕೆ) -0.7, ಬಿಳಿಯದಿದ್ದರೆ +0.7.

ಸ್ನಾನ ಮಾಡಿಸಿ ಮರಳಿಗೆ ಬಿಟ್ಟ ಮೇಲಿನ ಹೊರಳಾಟ ನನಗೆ ಎಲ್ಲಕ್ಕಿಂತ ಇಷ್ಟ. ಮೂಸುತ್ತದೆ, ಮುಂಗಾಲಿನಿಂದ ಕೆರೆಯುತ್ತದೆ, ಒಂದು ಸುತ್ತು ತಿರುಗುತ್ತದೆ, ಮಂಡಿ ಮಡಚುತ್ತದೆ. ಮಂಡಿ ಮಡಚಿದಾಗ ಬರ್ಸ್ಟ್ (ಬೆನ್ನುಬೆನ್ನಿಗೆ ಫೋಟೊ) ಶುರು ಮಾಡಬೇಡಿ: ದೊಡ್ಡ ಗಾತ್ರದ ರಾ ಫೈಲಿನಲ್ಲಿ ಹಳೆಯ ಕ್ಯಾಮೆರಾದ ಬಫರ್ (ತಾತ್ಕಾಲಿಕ ಮೆಮೊರಿ) ಮೂರು ಸೆಕೆಂಡಿಗೇ ತುಂಬಿ, ನಾಲ್ಕು ಕಾಲೂ ಆಕಾಶಕ್ಕೆ ಎದ್ದಾಗ ಕ್ಯಾಮೆರಾ ಸುಮ್ಮನಾಗುತ್ತದೆ. ಎದ್ದ ಕೂಡಲೇ ಮೈ ಕೊಡವುತ್ತದೆ, ಮುಖ ಸೊಟ್ಟಗಾಗುವುದು ಆಗಲೇ. ಅದಕ್ಕೆ 1/1250 ಇಡಿ. ಇದನ್ನೆಲ್ಲ ಬೇಲಿಯ ಹೊರಗೆ ಕುಳಿತು, ಕಂಬಿಗಳ ನಡುವಿನಿಂದ ತೆಗೆಯುತ್ತೇನೆ.

ಕಿವಿ ನಿಮಿರಿಸಲು ಚಿಪ್ಸ್ ಪೊಟ್ಟಣದ ಸದ್ದು ಎರಡು ಸಲ ಕೆಲಸ ಮಾಡುತ್ತದೆ, ಮೂರನೆಯದಕ್ಕೆ ತಿರುಗಿಯೂ ನೋಡುವುದಿಲ್ಲ. ಮೇಲೆ ಸವಾರರಿದ್ದಾಗ ಈ ಆಟ ಬೇಡ. ಕಿವಿ ಹಿಂದಕ್ಕೆ ಒತ್ತಿ ಮಲಗಿಸಿದರೆ ಅದು ತಮಾಷೆಯಲ್ಲ, ಎರಡು ಹೆಜ್ಜೆ ಹಿಂದೆ ಸರಿಯಿರಿ.

ತನ್ನ ಮೂಗಿನ ಕೆಳಗಿರುವುದು ಕುದುರೆಗೆ ಕಾಣುವುದಿಲ್ಲ, ಹತ್ತಿರ ಬಂದ ಲೆನ್ಸನ್ನು ತುಟಿಯಿಂದಲೇ ತಡವುತ್ತದೆ. ಅದಕ್ಕೇ ಲೆನ್ಸ್ ಮುಂದೆ ಹುಡ್ ಎಂಬ ಕೊಳವೆ ಮತ್ತು ಯುವಿ ಫಿಲ್ಟರ್ ಎಂಬ ಗಾಜು. ಬೂಸಾ ಬೆರೆತ ಜೊಲ್ಲನ್ನು ಒಣಬಟ್ಟೆಯಲ್ಲಿ ಉಜ್ಜಿದರೆ ಗೀರು ಬೀಳುತ್ತದೆ. ಮೊದಲು ಗಾಳಿ ಊದುವ ಬ್ಲೋವರ್, ಆಮೇಲೆ ಒದ್ದೆ ಬಟ್ಟೆ.