ಬೂತ್ ಗ್ರೂಪು, ಸ್ಟೇಟಸ್ಸು, ಪೋಸ್ಟರಿನ ಫೋಟೋ: 2023ರ ಚುನಾವಣೆಯಲ್ಲಿ ನನ್ನ ಅನುಭವ

ಯಾವ ಪಕ್ಷಕ್ಕೆ ಕೆಲಸ ಮಾಡಿದೆ ಅಂತ ಹೇಳಲ್ಲ. ಹೇಳಿದರೆ ಅರ್ಧ ಜನ ಇಲ್ಲಿಗೇ ಓದು ನಿಲ್ಲಿಸುತ್ತಾರೆ, ಇನ್ನರ್ಧ ಜನ ಬರೆದಿದ್ದನ್ನೆಲ್ಲ ಒಪ್ಪಿಬಿಡುತ್ತಾರೆ. ಎರಡೂ ಬೇಡ. 2023ರ ವಿಧಾನಸಭಾ ಚುನಾವಣೆಯಲ್ಲಿ ಹಳೆ ಮೈಸೂರು ಭಾಗದ ಒಂದು ಹಳ್ಳಿಗಾಡಿನ ಕ್ಷೇತ್ರದಲ್ಲಿ, ಒಬ್ಬ ಅಭ್ಯರ್ಥಿಯ ಸೋಷಿಯಲ್ ಮೀಡಿಯಾ ನೋಡಿಕೊಂಡೆ. ಅಷ್ಟು ಸಾಕು.

ವಾರ್ ರೂಮ್ ಅಂದಕೂಡಲೇ ಜನ ಸಾಲು ಸಾಲು ಕಂಪ್ಯೂಟರ್ ಊಹಿಸಿಕೊಳ್ಳುತ್ತಾರೆ. ಬೆಂಗಳೂರಲ್ಲಿ ಅಂಥದ್ದು ಇದ್ದೇ ಇದೆ. ತಾಲ್ಲೂಕಿನಲ್ಲಿ ನಮಗೆ ಸಿಕ್ಕಿದ್ದು ಗೊಬ್ಬರದ ಅಂಗಡಿ ಮೇಲಿನ ಒಂದು ರೂಮು, ಎರಡು ಲ್ಯಾಪ್‌ಟಾಪ್, ಒಬ್ಬ ಡಿಸೈನರ್, ಮದುವೆ ವಿಡಿಯೋ ತೆಗೆಯೋ ಒಬ್ಬ ಹುಡುಗ. ಮೇಲಿಂದ ದಿನಾ ಪೋಸ್ಟರು, ವಿಡಿಯೋ ಬಂದು ಬೀಳುತ್ತಿದ್ದವು. ಅದನ್ನು ಊರೂರಿಗೆ ಇಳಿಸೋದು, ನಮ್ಮದನ್ನು ನಾವೇ ತಯಾರು ಮಾಡೋದು, ಇದೇ ಕೆಲಸ.

ರಾಜ್ಯದಲ್ಲಿ ಆ ಸಲ 58 ಸಾವಿರಕ್ಕೂ ಜಾಸ್ತಿ ಮತಗಟ್ಟೆ ಇದ್ದವು. 224 ಕ್ಷೇತ್ರಕ್ಕೆ ಹಂಚಿದರೆ ಒಂದಕ್ಕೆ ಇನ್ನೂರೈವತ್ತು, ಇನ್ನೂರಅರವತ್ತು ಬೀಳುತ್ತೆ. ನಮ್ಮದೂ ಅದೇ ಲೆಕ್ಕ. ಹಾಗಾಗಿ ನಾನು ಮೊದಲು ಕೂತಿದ್ದು ಫೇಸ್‌ಬುಕ್ ಪೇಜ್ ಮುಂದೆ ಅಲ್ಲ, ಬೂತ್ ಪಟ್ಟಿ ಮುಂದೆ. ಪ್ರತಿ ಬೂತಿಗೆ ಇಬ್ಬರು ಹುಡುಗರ ನಂಬರ್ ಬೇಕು. ಅದೂ ಫೋನ್ ಎತ್ತೋ ಹುಡುಗರದ್ದು. ಹಳೇ ಬೂತ್ ಕಮಿಟಿ ಪಟ್ಟಿಯಲ್ಲಿ ತೀರಿಕೊಂಡವರು ಇದ್ದರು, ಪಕ್ಷ ಬಿಟ್ಟವರೂ ಇದ್ದರು. ಅದನ್ನು ಸರಿ ಮಾಡೋದೇ ಒಂದು ದೊಡ್ಡ ಕೆಲಸ ಆಯಿತು.

ಇದೇ ಹೊತ್ತಿಗೆ "ಡೇಟಾ ಇದೆ ಸರ್, ಇಡೀ ಕ್ಷೇತ್ರದ ನಂಬರ್ ಕೊಡ್ತೀವಿ" ಅಂತ ಬರೋರು ಶುರುವಾಗುತ್ತಾರೆ. ನಾವು ತಗೊಳ್ಳಲಿಲ್ಲ. ನೀತಿ ಒಂದು ಕಡೆ ಇರಲಿ, ಲೆಕ್ಕವೂ ಕೂಡಿಬರಲ್ಲ. ಗುರುತಿಲ್ಲದ ನಂಬರಿಂದ ಒಂದೇ ಸಲ ಸಾವಿರಾರು ಮೆಸೇಜ್ ಹೋದರೆ ಜನ ರಿಪೋರ್ಟ್ ಒತ್ತುತ್ತಾರೆ, ವಾಟ್ಸಾಪ್ ಆ ನಂಬರನ್ನೇ ಬ್ಲಾಕ್ ಮಾಡುತ್ತೆ. ಬ್ರಾಡ್‌ಕಾಸ್ಟ್ ಲಿಸ್ಟಿಗೆ 256ರ ಮಿತಿ. ಅದರ ಮೇಲೆ, ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪೋದು. ಅದೇ ಊರಿನ ಹುಡುಗ ಕಳಿಸಿದರೆ ಈ ತಾಪತ್ರಯ ಯಾವುದೂ ಇಲ್ಲ. ಅವನ ನಂಬರ್ ಎಲ್ಲರ ಹತ್ತಿರ ಇರುತ್ತೆ.

ಗ್ರೂಪ್‌ಗಳನ್ನು ಮೂರು ಹಂತ ಮಾಡಿದೆವು: ಹೋಬಳಿ, ಪಂಚಾಯ್ತಿ, ಬೂತ್. ಮೇಲಿನ ಎರಡರಲ್ಲಿ ಅಡ್ಮಿನ್ ಮಾತ್ರ ಮೆಸೇಜ್ ಹಾಕೋ ಹಾಗೆ. ಎಲ್ಲರಿಗೂ ಬಿಟ್ಟರೆ ಬೆಳಗ್ಗೆ ಗುಡ್ ಮಾರ್ನಿಂಗ್ ಹೂವು, ಮಧ್ಯಾಹ್ನ ಜಗಳ, ರಾತ್ರಿ ಎಲ್ಲರೂ ಲೆಫ್ಟ್. ಬೂತ್ ಗ್ರೂಪ್ ಮಾತ್ರ ಮುಕ್ತ. ಊರೊಳಗಿನ ಸುದ್ದಿ ನಮಗೆ ಬರುತ್ತಿದ್ದದ್ದೇ ಅಲ್ಲಿಂದ. ಹೊಸ ಗ್ರೂಪ್ ಕಟ್ಟಿ ಮತದಾರರನ್ನು ಸೇರಿಸೋಕೆ ನಾವು ಹೋಗಲಿಲ್ಲ. ಹಾಲಿನ ಡೈರಿ ಗ್ರೂಪು, ಹತ್ತನೇ ಕ್ಲಾಸಿನ ಬ್ಯಾಚ್ ಗ್ರೂಪು, ಜಾತಿ ಸಂಘದ ಗ್ರೂಪು, "ಬೆಂಗಳೂರಲ್ಲಿರೋ ನಮ್ಮೂರೋರು" ಗ್ರೂಪು, ಇವೆಲ್ಲ ಮೊದಲೇ ಇದ್ದವು. ನಮ್ಮ ಹುಡುಗರೂ ಅದರೊಳಗೇ ಇದ್ದರು. ಬೆಂಗಳೂರಿನ ಗ್ರೂಪನ್ನು ಹಗುರವಾಗಿ ತಗೋಬೇಡಿ. ಪೀಣ್ಯದ ಫ್ಯಾಕ್ಟರಿಯಲ್ಲಿರೋ ಮಗ ಭಾನುವಾರ ಮನೆಗೆ ಫೋನ್ ಮಾಡಿ ಹೇಳಿದ ಮಾತಿಗೆ ಯಾವ ಪೋಸ್ಟರೂ ಸಮ ಇಲ್ಲ.

ಫಾರ್ವರ್ಡ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. 2018ರಿಂದ ಇಲ್ಲಿ ಒಂದು ಮೆಸೇಜನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡಬಹುದು. ತುಂಬಾ ಸಲ ಫಾರ್ವರ್ಡ್ ಆಗಿ ಎರಡು ಬಾಣದ ಗುರುತು ಬಿದ್ದರೆ, 2020ರಿಂದ ಒಮ್ಮೆಗೆ ಒಂದೇ ಕಡೆಗೆ. ಆ ಗುರುತು ನೋಡಿದರೆ ಜನರಿಗೂ ಈಗ ಗೊತ್ತಾಗುತ್ತೆ, "ಓ, ಇದು ಪಾರ್ಟಿದು" ಅಂತ. ಅದಕ್ಕೆ ನಾವು ಹುಡುಗರಿಗೆ ಹೇಳಿಕೊಟ್ಟಿದ್ದು ಒಂದೇ: ಫಾರ್ವರ್ಡ್ ಒತ್ತಬೇಡ, ಗ್ಯಾಲರಿಗೆ ಇಳಿಸಿಕೊಂಡು ಅಲ್ಲಿಂದ ಕಳಿಸು, ಮೇಲೆ ನಿನ್ನ ಮಾತಲ್ಲಿ ಒಂದು ಸಾಲು ಬರಿ.

ಗ್ರೂಪಿಗಿಂತ ಜಾಸ್ತಿ ಓಡಿದ್ದು ಸ್ಟೇಟಸ್. ಗ್ರೂಪನ್ನು ಜನ ಮ್ಯೂಟ್ ಮಾಡಿರುತ್ತಾರೆ. ಸ್ಟೇಟಸ್ ಮಾತ್ರ ಮಲಗೋ ಮುಂಚೆ ಒಂದು ಸುತ್ತು ನೋಡೇ ನೋಡುತ್ತಾರೆ, ಅಲ್ವಾ? ಆಗ ಸ್ಟೇಟಸ್ ವಿಡಿಯೋಗೆ 30 ಸೆಕೆಂಡ್ ಮಿತಿ ಇತ್ತು. ಹಾಗಾಗಿ ನಮ್ಮ ಎಲ್ಲ ವಿಡಿಯೋಗಳೂ 28 ಸೆಕೆಂಡಿಗೆ ಮುಗಿಯುತ್ತಿದ್ದವು. ಅಭ್ಯರ್ಥಿಯ ಇಪ್ಪತ್ತು ನಿಮಿಷದ ಭಾಷಣದಲ್ಲಿ 28 ಸೆಕೆಂಡ್ ಹುಡುಕೋದು ಎಷ್ಟು ಕಷ್ಟ ಅಂತ ಆ ವಿಡಿಯೋ ಹುಡುಗನನ್ನೇ ಕೇಳಬೇಕು. ಎಷ್ಟೋ ಸಲ ಭಾಷಣ ಬಿಟ್ಟು ಆರತಿ ಎತ್ತೋ ಅಜ್ಜಿಯನ್ನೇ ಹಾಕುತ್ತಿದ್ದ. ಅದೇ ಚೆನ್ನಾಗಿ ಓಡುತ್ತಿತ್ತು. ಮೊದಲ ಎರಡು ಸೆಕೆಂಡಲ್ಲಿ ಊರ ಹೆಸರು ದಪ್ಪ ಅಕ್ಷರದಲ್ಲಿ ಬರಬೇಕು. ತಮ್ಮೂರಿನ ಹೆಸರು ಕಂಡರೆ ಸಾಕು, ವಿರೋಧ ಪಕ್ಷದವನೂ ಒಂದು ಸಲ ನೋಡುತ್ತಾನೆ.

ಇನ್ನು ಪೋಸ್ಟರು. ಇಲ್ಲಿ ತಲೆನೋವು ಎರಡು. ಒಂದು, ಅಕ್ಷರ. ಹಳೇ ಫೋಟೋಶಾಪಲ್ಲಿ ಯೂನಿಕೋಡ್ ಕನ್ನಡ ಹಾಕಿದರೆ ಒತ್ತಕ್ಷರ ಬಿಚ್ಚಿಕೊಂಡು ನಿಲ್ಲುತ್ತೆ. ಸೆಟ್ಟಿಂಗ್ಸಲ್ಲಿ ಸೌತ್ ಏಷಿಯನ್ ಆಯ್ಕೆ ಹಾಕಿದರೆ ಸರಿ ಹೋಗುತ್ತೆ. ಆದರೆ ನಮ್ಮ ಡಿಸೈನರ್ ಫ್ಲೆಕ್ಸ್ ಅಂಗಡಿಯಿಂದ ಬಂದವನು, ಅವನ ಕೈ ‘ನುಡಿ’ ಅನ್ನೋ ಹಳೇ ಕನ್ನಡ ಟೈಪಿಂಗ್ ಸಾಫ್ಟ್‌ವೇರಿಗೆ ಒಗ್ಗಿತ್ತು. ನಾನು ಮೊಬೈಲಲ್ಲಿ ಟೈಪ್ ಮಾಡಿ ಕಳಿಸಿದ್ದನ್ನು ಅವನು ಕನ್ವರ್ಟ್ ಮಾಡಿ ಹಾಕೋದು, ಅಲ್ಲೊಂದು ಅರ್ಕಾವತ್ತು ಕಾಣೆಯಾಗೋದು, ಇದು ದಿನದ ಪಾಡು.

ಎರಡನೇದು ಇದಕ್ಕಿಂತ ದೊಡ್ಡದು: ಫೋಟೋಗಳ ಸಾಲು. ಮೇಲೆ ರಾಷ್ಟ್ರ ನಾಯಕರು, ಆಮೇಲೆ ರಾಜ್ಯದವರು, ಆಮೇಲೆ ಜಿಲ್ಲೆ, ಕೆಳಗೆ ಹೋಬಳಿ ಮುಖಂಡರು. ಯಾರದು ಎಷ್ಟು ದಪ್ಪ, ಯಾರ ಪಕ್ಕ ಯಾರು, ಎಲ್ಲಕ್ಕೂ ಕಟ್ಟುಪಾಡು. ಒಂದು ಸಂಜೆ ಪೋಸ್ಟರ್ ಹೋದ ಹತ್ತೇ ನಿಮಿಷಕ್ಕೆ ಮಾಜಿ ತಾಲ್ಲೂಕು ಪಂಚಾಯ್ತಿ ಸದಸ್ಯರೊಬ್ಬರ ಫೋನು. "ಏನಪ್ಪಾ, ನಮ್ಮನ್ನ ತೆಗೆದೇಬಿಟ್ರಾ ಪಕ್ಷದಿಂದ?" ಇಲ್ಲ ಅಣ್ಣ, ಜಾಗ ಸಾಲಲಿಲ್ಲ ಅಂದೆ. "ಅವನಿಗೆ ಜಾಗ ಸಿಕ್ತಲ್ಲ?" ಅವರ ಹಿಂದೆ ಮೂರು ಬೂತಿನ ಹುಡುಗರಿದ್ದರು. ಅರ್ಧ ಗಂಟೆಯಲ್ಲಿ ಹೊಸ ಪೋಸ್ಟರ್ ಹೋಯಿತು. ಮತದಾರರು ಆ ಚಿಕ್ಕ ಚಿಕ್ಕ ಮುಖಗಳನ್ನು ನೋಡುತ್ತಾರಾ? ಇಲ್ಲ. ಆದರೆ ಅದು ಮತದಾರರಿಗೆ ಮಾಡಿದ ಪೋಸ್ಟರೇ ಅಲ್ಲ. ಈ ಕೆಲಸದಲ್ಲಿ ನನಗೆ ನಿಧಾನಕ್ಕೆ ಅರ್ಥ ಆಗಿದ್ದು ಇದೇ. ನಾವು ಹಾಕೋದರಲ್ಲಿ ಮುಕ್ಕಾಲು ಪಾಲು ನಮ್ಮದೇ ಕಾರ್ಯಕರ್ತರಿಗೆ. ಅವನು ಟೀ ಅಂಗಡಿಯಲ್ಲಿ ಎದುರಿನವನಿಗೆ ಏನು ಹೇಳಬೇಕು, ಯಾವ ಮಾತಿಗೆ ಯಾವ ಮಾತು ಕೊಡಬೇಕು, ಅದು ಅವನ ಕೈಗೆ ಬೆಳಗ್ಗೆ ಎಂಟರೊಳಗೆ ಸಿಗಬೇಕು. ಮತದಾರರ ಹತ್ತಿರ ಮಾತಾಡೋದು ಅವನು.

ರಾಜ್ಯ ಮಟ್ಟದ ಪ್ರಚಾರಗಳನ್ನೂ ನಾನು ಇದೇ ಕಣ್ಣಲ್ಲಿ ನೋಡುತ್ತಿದ್ದೆ. 2022ರ ಸೆಪ್ಟೆಂಬರಲ್ಲಿ ಕಾಂಗ್ರೆಸ್ಸಿನವರು ಬೆಂಗಳೂರಿನ ಗೋಡೆಗಳ ಮೇಲೆ, ಪೇಟಿಎಂ ಹೆಸರನ್ನು ಅಣಕಿಸಿದ ಪೇಸಿಎಂ ಪೋಸ್ಟರ್ ಅಂಟಿಸಿದರು. ಕ್ಯೂಆರ್ ಕೋಡ್ ನಡುವೆ ಆಗಿನ ಮುಖ್ಯಮಂತ್ರಿ ಬೊಮ್ಮಾಯಿ ಅವರ ಮುಖ. ಸರ್ಕಾರಿ ಕಾಮಗಾರಿಗೆ 40 ಪರ್ಸೆಂಟ್ ಕಮಿಷನ್ ಕೇಳುತ್ತಾರೆ ಅಂತ ಗುತ್ತಿಗೆದಾರರ ಸಂಘ ಮಾಡಿದ್ದ ಆರೋಪವನ್ನು ಅದಕ್ಕೆ ಕಟ್ಟಿದ್ದರು. ಬಿಜೆಪಿ ಆ ಆರೋಪವನ್ನು ಒಪ್ಪಲಿಲ್ಲ. ಅದು ಬೇರೆ ಮಾತು. ಕಸುಬಿನ ಲೆಕ್ಕದಲ್ಲಿ ಅದು ಗಟ್ಟಿ ಕೆಲಸ. ಓದೋದೇ ಬೇಕಿಲ್ಲ, ಬೀಡಾ ಅಂಗಡಿಯಲ್ಲಿ ದಿನಾ ಸ್ಕ್ಯಾನ್ ಮಾಡೋ ವಸ್ತು. ಅಂಟಿಸಿದ್ದು ಸ್ವಲ್ಪ ಗೋಡೆಗೆ, ಓಡಿದ್ದು ಇಡೀ ರಾಜ್ಯದ ಮೊಬೈಲಲ್ಲಿ. ಕಾರ್ಯಕರ್ತರಿಗೆ ಹೇಳಿಕೊಳ್ಳೋಕೆ ಒಂದು ಸಂಖ್ಯೆ ಸಿಕ್ಕಿತು.

2023ರ ಏಪ್ರಿಲ್ ಮೊದಲ ವಾರ ಅಮುಲ್‌ನವರು ಬೆಂಗಳೂರಿಗೆ ಬರುತ್ತೇವೆ ಅಂತ ಟ್ವೀಟ್ ಮಾಡಿದಾಗ ನಂದಿನಿ ಉಳಿಸಿ ಅನ್ನೋ ಹ್ಯಾಶ್‌ಟ್ಯಾಗ್ ಎದ್ದಿತಲ್ಲ, ಅದು ನಮ್ಮಲ್ಲಿಗೆ ಬಂದದ್ದು ಟ್ವಿಟರಿಂದ ಅಲ್ಲ. ನಮ್ಮೂರುಗಳಲ್ಲಿ ಟ್ವಿಟರ್ ಯಾರು ನೋಡುತ್ತಾರೆ? ಟಿವಿಯಲ್ಲಿ ಬಂತು, ಮಾರನೇ ಬೆಳಗ್ಗೆ ಹಾಲು ಹಾಕೋ ಸಾಲಲ್ಲಿ ಮಾತಾಯಿತು, ಆಮೇಲೆ ಡೈರಿ ಗ್ರೂಪಿಗೆ ಬಂತು. ಎರಡೂ ಕಡೆಯವರು ಅದಕ್ಕೆ ಉತ್ತರ, ಪ್ರತ್ಯುತ್ತರ ತಯಾರು ಮಾಡಬೇಕಾಯಿತು. ಟ್ರೆಂಡಿಂಗ್ ಅನ್ನೋದು ಹೆಚ್ಚಾಗಿ ಟಿವಿ ಡೆಸ್ಕಿನವರಿಗೆ, ಹೈಕಮಾಂಡಿಗೆ ತೋರಿಸೋಕೆ. ಹಳ್ಳಿಗೆ ಅದರ ಬಿಸಿ ತಟ್ಟೋದು ಸುತ್ತು ಹಾಕಿಕೊಂಡು.

ದುಡ್ಡು ಕೊಟ್ಟು ಹಾಕೋ ಜಾಹೀರಾತಿನ ಕತೆ ಬೇರೆ. ಚುನಾವಣಾ ಆಯೋಗ 2013ರಲ್ಲೇ ನಿಯಮ ಮಾಡಿದೆ. ಅಭ್ಯರ್ಥಿ ತನ್ನ ಸೋಷಿಯಲ್ ಮೀಡಿಯಾ ಖಾತೆಗಳನ್ನು ಅಫಿಡವಿಟ್ಟಲ್ಲಿ ತೋರಿಸಬೇಕು. ಕಂಪನಿಗಳಿಗೆ ಕೊಟ್ಟ ದುಡ್ಡು, ವಿಡಿಯೋ ಮಾಡಿಸಿದ ಖರ್ಚು, ನಮ್ಮಂಥವರ ಸಂಬಳ, ಎಲ್ಲ ಅಭ್ಯರ್ಥಿಯ ಖರ್ಚಿಗಿರೋ 40 ಲಕ್ಷದ ಮಿತಿಯೊಳಗೇ ಬರಬೇಕು. ಜಾಹೀರಾತಿಗೆ ಎಂಸಿಎಂಸಿಯಿಂದ, ಅಂದರೆ ಚುನಾವಣಾ ಜಾಹೀರಾತು ಪರಿಶೀಲಿಸೋ ಸಮಿತಿಯಿಂದ, ಮೊದಲೇ ಒಪ್ಪಿಗೆ ಬೇಕು. ಅರ್ಜಿ ಮೂರು ದಿನ ಮುಂಚೆ, ಜೊತೆಗೆ ವಿಡಿಯೋದಲ್ಲಿರೋ ಮಾತನ್ನೆಲ್ಲ ಬರೆದ ಪ್ರತಿ. ಇವತ್ತು ಎದುರಾಳಿ ಏನೋ ಅಂದರೆ ಇವತ್ತೇ ಜಾಹೀರಾತಲ್ಲಿ ಉತ್ತರ ಕೊಡೋಕಾಗಲ್ಲ. ಸ್ವಂತ ಪೇಜಲ್ಲಿ ಸುಮ್ನೆ ಹಾಕೋ ಪೋಸ್ಟಿಗೆ ಈ ಒಪ್ಪಿಗೆ ಬೇಡ. ಹಾಗಾಗಿ ಬಿಸಿ ಬಿಸಿ ಜಗಳವೆಲ್ಲ ಪೇಜಲ್ಲಿ, ಗ್ರೂಪಲ್ಲಿ. ಬೂಸ್ಟ್ ಮಾಡಿದ್ದು, ಅಂದರೆ ದುಡ್ಡು ಕೊಟ್ಟು ಹೆಚ್ಚು ಜನಕ್ಕೆ ತೋರಿಸಿದ್ದು, ನಿಧಾನದ ವಿಷಯಗಳನ್ನು ಮಾತ್ರ. ಫೇಸ್‌ಬುಕ್ಕಿಗೆ ಕ್ಷೇತ್ರದ ಗಡಿ ಗೊತ್ತಿಲ್ಲ ಅನ್ನೋದು ಇನ್ನೊಂದು ತಮಾಷೆ. ಹೋಬಳಿ ಕೇಂದ್ರಕ್ಕೆ ಪಿನ್ ಇಟ್ಟು ಸುತ್ತ ಇಷ್ಟು ಕಿಲೋಮೀಟರ್ ಅಂತ ಕೊಟ್ಟರೆ ಪಕ್ಕದ ಕ್ಷೇತ್ರದ ಜನಕ್ಕೂ ನಮ್ಮ ದುಡ್ಡಲ್ಲಿ ನಮ್ಮ ಅಭ್ಯರ್ಥಿ ಕಾಣಿಸುತ್ತಿದ್ದರು.

ಫೇಸ್‌ಬುಕ್ ನಡೆಸೋ ಮೆಟಾದವರ ಆಡ್ ಲೈಬ್ರರಿ ಮಾತ್ರ ದಿನಾ ತೆರೆಯುತ್ತಿದ್ದೆ. ಎದುರಾಳಿ ಯಾವ ಜಾಹೀರಾತು ಹಾಕಿದ್ದಾರೆ, ಅಂದಾಜು ಎಷ್ಟು ಖರ್ಚು, ಯಾವ ವಯಸ್ಸಿನವರಿಗೆ ತೋರಿಸಿದೆ, ಎಲ್ಲ ಅಲ್ಲಿ ಬಹಿರಂಗ. ಯಾರು ಬೇಕಾದರೂ ನೋಡಬಹುದು. ಅವರೂ ನಮ್ಮದನ್ನು ನೋಡುತ್ತಿದ್ದರು ಅನ್ನೋದರಲ್ಲಿ ಅನುಮಾನ ಇಲ್ಲ. ಅಲ್ಲಿ ಕಾಣದ್ದು ಟ್ರೋಲ್ ಪೇಜ್‌ಗಳ ವ್ಯವಹಾರ. ಸಿನಿಮಾ ಜೋಕ್ ಹಾಕಿಕೊಂಡಿದ್ದ ಪೇಜು ಚುನಾವಣೆ ಹತ್ತಿರ ಬಂದಾಗ ಇದ್ದಕ್ಕಿದ್ದಂತೆ ರಾಜಕೀಯ ವಿಶ್ಲೇಷಣೆ ಶುರುಮಾಡಿದರೆ ಯಾಕೆ ಅಂತ ನೀವೇ ಊಹಿಸಿ.

ಸುಳ್ಳು ಸುದ್ದಿ ಕೊನೆಯ ವಾರ ಬರುತ್ತೆ. ನಮಗೆ ಬಂದದ್ದು ಪೇಪರ್ ಕಟಿಂಗ್ ಥರ ಮಾಡಿದ ಒಂದು ಫೋಟೋ: ನಮ್ಮ ಅಭ್ಯರ್ಥಿ ಎದುರಾಳಿಗೆ ಬೆಂಬಲ ಕೊಟ್ಟು ಸುಮ್ಮನಾಗಿದ್ದಾರೆ ಅಂತ. ಅದನ್ನು "ಸುಳ್ಳು" ಅಂತ ಮುದ್ರೆ ಒತ್ತಿ ಎಲ್ಲ ಕಡೆ ಹಂಚೋಣ ಅಂದರು ಹುಡುಗರು. ಬೇಡ ಅಂದೆ. ಅದನ್ನು ನೋಡದ ಊರಿಗೂ ನಾವೇ ತೋರಿಸಿದ ಹಾಗಾಗುತ್ತೆ. ಅಭ್ಯರ್ಥಿ ಪ್ರಚಾರಕ್ಕೆ ಹೋಗಿದ್ದ ಊರಲ್ಲೇ ನಿಲ್ಲಿಸಿ, ಕೈಗೆ ಅವತ್ತಿನ ಪೇಪರ್ ಕೊಟ್ಟು, ತಾರೀಖು ಊರು ಹೇಳಿಸಿ, "ಕಣದಲ್ಲಿದ್ದೀನಿ, ನಾಳೆ ನಿಮ್ಮೂರಿಗೆ ಬರ್ತೀನಿ" ಅಂತ ಇಪ್ಪತ್ತು ಸೆಕೆಂಡಿನ ವಿಡಿಯೋ ತೆಗೆದೆವು. ಕಟಿಂಗ್ ಕಾಣಿಸಿಕೊಂಡ ಬೂತ್‌ಗಳಿಗೆ ಮಾತ್ರ ಕಳಿಸಿದೆವು. ವಿಡಿಯೋದಲ್ಲಿ ಆ ಕಟಿಂಗಿನ ಸುದ್ದಿಯೇ ಇಲ್ಲ. ಒಂದು ರಾತ್ರಿಗೆ ತಣ್ಣಗಾಯಿತು.

ಮತದಾನ ಮೇ 10, ಬುಧವಾರ. ಮೇ 8ರ ಸಂಜೆ ಆರಕ್ಕೆ ಬಹಿರಂಗ ಪ್ರಚಾರ ಬಂದ್. ಅಷ್ಟರೊಳಗೆ ಬೂಸ್ಟ್‌ಗಳನ್ನೆಲ್ಲ ನಿಲ್ಲಿಸಿ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ. ಆಮೇಲೆ ಗ್ರೂಪ್‌ಗಳ ಕೆಲಸವೇ ಬೇರೆ. ಪಟ್ಟಿಯಲ್ಲಿ ಕ್ರಮಸಂಖ್ಯೆ ಎಷ್ಟು, ಶಾಲೆಯ ಯಾವ ಕೊಠಡಿ, ಯಾರ ಚೀಟಿ ತಲುಪಿಲ್ಲ. ಮತದಾನದ ದಿನ ಎರಡು ಗಂಟೆಗೊಮ್ಮೆ ಬೂತಿನಿಂದ ಎಷ್ಟು ಓಟಾಯಿತು ಅಂತ ಬರುತ್ತಿತ್ತು. ಮಧ್ಯಾಹ್ನ ಮೂರಾದರೂ ಬರದವರ ಮನೆ ಬಾಗಿಲಿಗೆ ಹುಡುಗರು ಹೋಗುತ್ತಿದ್ದರು. ಒಂದೂ ಪೋಸ್ಟರ್ ಇಲ್ಲದ ಆ ದಿನ ಗ್ರೂಪ್‌ಗಳು ಅತಿ ಹೆಚ್ಚು ಉಪಯೋಗಕ್ಕೆ ಬಂದವು.

ಫಲಿತಾಂಶದ ನಂತರ ಫಾರಂ 20 ಸಿಗುತ್ತೆ, ಬೂತ್‌ವಾರು ಯಾರಿಗೆ ಎಷ್ಟು ಓಟು ಅಂತ. ನನ್ನ ಸಮಾಧಾನಕ್ಕೆ ಅದನ್ನು ಹರಡಿಕೊಂಡು ಕೂತೆ. ವಿಡಿಯೋ ಜಾಸ್ತಿ ಓಡಿದ ಊರಿಗೂ ಓಟು ಜಾಸ್ತಿ ಬಿದ್ದ ಊರಿಗೂ ತಾಳೆ ಹಾಕಿದರೆ ಏನೂ ಕೂಡಲಿಲ್ಲ. ಆರತಿ ಅಜ್ಜಿಯ ವಿಡಿಯೋ ಅಷ್ಟು ಓಡಿತಲ್ಲ, ಆ ಊರಲ್ಲಿ ನಾವು ಹಿಂದೆ ಬಿದ್ದಿದ್ದೆವು. ಚೆನ್ನಾಗಿ ಬಂದ ಬೂತ್‌ಗಳಲ್ಲಿ ಹೆಚ್ಚಿನವು, ನಾವು ಕಳಿಸಿದ್ದಕ್ಕೆ "ಅಣ್ಣ, ಇದು ನಮ್ಮೂರಲ್ಲಿ ನಡೆಯಲ್ಲ, ಬೇರೆ ಕೊಡಿ" ಅಂತ ತಿರುಗಿ ಕೇಳುತ್ತಿದ್ದ ಹುಡುಗರವು. ಅಭ್ಯರ್ಥಿಗೆ ಆ ಹಾಳೆ ತೋರಿಸಿದೆ. ಅವರು ಒಂದು ನಿಮಿಷ ನೋಡಿ, ಪೇಜಿಗೆ ಫಾಲೋವರ್ಸ್ ಎಷ್ಟಾದರು ಅಂತ ಕೇಳಿದರು.